ಔಷಧಿ ಹೊಡೆದಷ್ಟೂ ಹತ್ತಿಯಲ್ಲಿ ಹುಳ ಹೆಚ್ಚುವುದೇಕೆ?

‘ಹತ್ತಿಯಲ್ಲಿ ಹುಳ ಕಂಡ ಕೂಡಲೇ ಹೊಡೆಯಿರಿ, ಎರಡು ಔಷಧಿ ಬೆರೆಸಿದರೆ ಒಂದೂ ಉಳಿಯಲ್ಲ’ ಎಂಬ ಧಾಟಿಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತವೆ. ಹನೂರು, ಕೊಳ್ಳೇಗಾಲದ ಕಡೆಯವರು ಫಾರ್ವರ್ಡ್ ಮಾಡುವ ಮುನ್ನ ಒಮ್ಮೆ ಎಲೆ ಮಗುಚಿ ನೋಡಿ.

ಹತ್ತಿ ಗಿಡದ ಮೇಲಿರುವ ಹುಳಗಳೆಲ್ಲ ಹತ್ತಿ ತಿನ್ನುವುದಿಲ್ಲ. ಗುಲಗಂಜಿ ಹುಳ ಸಸ್ಯಹೇನುಗಳನ್ನು ತಿನ್ನುತ್ತದೆ. ಇದರ ಮರಿಯನ್ನು ಬಹಳ ಜನ ಗುರುತಿಸುವುದಿಲ್ಲ: ಕಪ್ಪು ಮೈ, ಕಿತ್ತಳೆ ಚುಕ್ಕೆ, ಪುಟ್ಟ ಮೊಸಳೆಯ ಆಕಾರ. ಹೊಸ ಪೀಡೆ ಬಂತೆಂದು ಇದಕ್ಕೇ ಔಷಧಿ ಹೊಡೆಯುವುದುಂಟು! ಟ್ರೈಕೊಗ್ರಾಮ ಎಂಬ ಕಣಜ ಒಂದು ಮಿಲಿಮೀಟರಿನಷ್ಟೂ ಇಲ್ಲ. ಅದು ಕಾಯಿಕೊರಕದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಕಾಯಿಕೊರಕ ಹುಟ್ಟುವುದೇ ಇಲ್ಲ.

ಕೀಟನಾಶಕ ಹೊಡೆದಾಗ ಇವೆಲ್ಲ ಸಾಯುತ್ತವೆ. ಆಮೇಲೆ ಲೆಕ್ಕ ತಪ್ಪುತ್ತದೆ. ಸಸ್ಯಹೇನು ಗಂಡಿನ ಹಂಗಿಲ್ಲದೆ ಮರಿ ಹಾಕುತ್ತದೆ, ಆ ಮರಿ ಸುಮಾರು ಒಂದು ವಾರದಲ್ಲಿ ತಾಯಿಯಾಗುತ್ತದೆ. ಗುಲಗಂಜಿ ಹುಳ ಮೊಟ್ಟೆಯಿಂದ ಬೆಳೆದು ದೊಡ್ಡದಾಗಲು ಮೂರು ವಾರದಷ್ಟು ಬೇಕು. ಅಲ್ಲಿಯವರೆಗೆ ಹೊಲ ಹೇನಿನದೇ. ಔಷಧಿಗೂ ಬದುಕಿದ ಹೇನು ತನ್ನಂಥ ಗಟ್ಟಿ ಮರಿಗಳನ್ನೇ ಹಾಕುವುದರಿಂದ ಮುಂದಿನ ಸಲ ಅದೇ ಡೋಸ್ ಸಾಲದು.

ಪೆರು ದೇಶದ ಕಾನ್ಯೇಟೆ ಕಣಿವೆಯ ಹತ್ತಿ ಬೆಳೆಗಾರರು 1949ರಿಂದ ಡಿಡಿಟಿಯಂಥ ಔಷಧಿಗಳನ್ನು ಧಾರಾಳವಾಗಿ ಸುರಿದರು. ಮೊದಲು ಇಳುವರಿ ಏರಿತು. ಹಿಂದೆ ಲೆಕ್ಕಕ್ಕೇ ಇಲ್ಲದ ಹುಳಗಳು ಪೀಡೆಗಳಾದವು, 1956ರಲ್ಲಿ ಬೆಳೆ ನೆಲಕಚ್ಚಿತು. ಆ ಔಷಧಿಗಳನ್ನು ನಿಲ್ಲಿಸಿ, ಮಿತ್ರಕೀಟಗಳನ್ನು ತಂದು ಬಿಟ್ಟ ಮೇಲೆ ಚೇತರಿಸಿತು.

‘ನಮ್ಮದು ಬಿಟಿ ಹತ್ತಿ, ಚಿಂತೆಯಿಲ್ಲ’ ಎನ್ನುವವರೂ ಇದ್ದಾರೆ. ಭಾರತದಲ್ಲಿ 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿ ಕಾಯಿಕೊರಕಗಳಿಗಷ್ಟೇ. ರಸ ಹೀರುವ ಜಿಗಿಹುಳ, ಬಿಳಿನೊಣಗಳಿಗೆ ಅದರ ಪರಿವೆಯಿಲ್ಲ. ಗುಲಾಬಿ ಕಾಯಿಕೊರಕವೂ ಈಗ ಅದಕ್ಕೆ ಒಗ್ಗಿಕೊಂಡಿದೆ.

ಹನೂರು ಸೀಮೆಯಲ್ಲಿ ಇನ್ನೊಂದು ವಿಷಯವಿದೆ. ಇದು ರೇಷ್ಮೆಯ ನಾಡು. ರೇಷ್ಮೆ ಹುಳವೂ ಕಾಯಿಕೊರಕವೂ ಪತಂಗದ ಮರಿಗಳೇ, ಒಂದೇ ಕುಲ. ಹತ್ತಿಗೆ ಹೊಡೆದದ್ದು ಗಾಳಿಯಲ್ಲಿ ಪಕ್ಕದ ಹಿಪ್ಪುನೇರಳೆ ಸೊಪ್ಪಿಗೆ ತಾಗಿದರೆ ಹುಳು ಮನೆಯಲ್ಲಿ ಬೆಳೆಯೇ ಹೋಗಬಹುದು. ರೇಷ್ಮೆ ಸಾಕುವವರಿಗೆ ಮಿತ್ರಕೀಟ ಹೊಸದೇನಲ್ಲ: ಊಜಿ ನೊಣಕ್ಕೆ ನಿಸೊಲಿಂಕ್ಸ್ ಕಣಜವನ್ನು ಬಿಡುವ ಪದ್ಧತಿ ಅಲ್ಲಿದೆ. ಹತ್ತಿಯಲ್ಲೂ ನಡೆಯುವುದು ಅದೇ ಕೆಲಸ, ಅದೂ ಪುಕ್ಕಟೆ.

ಮನುಷ್ಯರ ವಿಚಾರ ಇಲ್ಲಿ ಬಿಡಿಸಿ ಹೇಳಬೇಕಿಲ್ಲ. 2018ರ ಡಿಸೆಂಬರಿನಲ್ಲಿ ಸುಳ್ವಾಡಿಯ ಮಾರಮ್ಮನ ಗುಡಿಯ ಪ್ರಸಾದದಲ್ಲಿ ಬೆರೆಸಿದ್ದು ಮಾನೋಕ್ರೊಟೊಫಾಸ್, ಹತ್ತಿಗೂ ಹೊಡೆಯುತ್ತಿದ್ದ ಕೀಟನಾಶಕ. ಹದಿನೈದಕ್ಕೂ ಹೆಚ್ಚು ಜನ ಸತ್ತರು. ಅಂಥದ್ದನ್ನು ಮುಖಕ್ಕೆ ಬಟ್ಟೆಯಿಲ್ಲದೆ, ಎರಡು ಮೂರು ಬೆರೆಸಿ ಹೊಡೆಯುವುದನ್ನು ನಾವು ‘ಔಷಧಿ’ ಎನ್ನುತ್ತೇವೆ.

ಹಾಗಾದರೆ ಹೊಡೆಯಲೇಬಾರದೇ? ಹೊಡೆಯಬೇಕಾಗುತ್ತದೆ, ಎಣಿಸಿ ನೋಡಿ. ಎಲೆಗೆ ಸರಾಸರಿ ಎರಡು ಜಿಗಿಹುಳದ ಮರಿಗಳು ಸಿಕ್ಕರೆ ಅದು ಎಚ್ಚರಿಕೆಯ ಮಟ್ಟ. ಗುಲಾಬಿ ಕಾಯಿಕೊರಕಕ್ಕೆ ಮೋಹಕ ಬಲೆ ಹಾಕಿ; ಒಂದು ಬಲೆಗೆ ರಾತ್ರಿಗೆ ಎಂಟರಂತೆ, ಸತತ ಮೂರು ರಾತ್ರಿ ಪತಂಗ ಬಿದ್ದರೆ ಕ್ರಮ ಬೇಕು. ಅದಕ್ಕಿಂತ ಕಡಿಮೆಯಿದ್ದರೆ ಕಾಯಬಹುದು. ಮೊದಲ ಸಿಂಪಡಣೆಗೆ ಶೇ. 5ರ ಬೇವಿನ ಬೀಜದ ಕಷಾಯ ಸಾಕಾಗುವುದೂ ಉಂಟು.