‘ಅಧ್ಯಕ್ಷೆ’ಯೂ ಅವರ ಯಜಮಾನರೂ

ಸಚಿವೆ, ಸಂಸದೆ, ಶಾಸಕಿ, ಅಧ್ಯಕ್ಷೆ. ಚುನಾಯಿತ ಮಹಿಳೆಯರ ಪದನಾಮಕ್ಕೆ ಬಾಲ ಅಂಟಿಸುವ ಚಟವನ್ನು ನಮ್ಮ ಪತ್ರಿಕೆಗಳು ಈ ವಾರವೂ ಬಿಟ್ಟಿಲ್ಲ. ಅದರ ಅಗತ್ಯವಾದರೂ ಏನು? 1966ರಲ್ಲಿ ಇಂದಿರಾ ಗಾಂಧಿ ‘ಪ್ರಧಾನಿ’ಯೇ ಆದರು. 1972ರಲ್ಲಿ ಕೆ.ಎಸ್. ನಾಗರತ್ನಮ್ಮ ನಮ್ಮ ವಿಧಾನಸಭೆಯ ‘ಸ್ಪೀಕರ್’ ಆದರು. ಪದದೊಳಗೆ ‘ಪತಿ’ ಕೂತಿದ್ದರೂ 2007ರಲ್ಲಿ ಪ್ರತಿಭಾ ಪಾಟೀಲರು ‘ರಾಷ್ಟ್ರಪತಿ’ಯಾಗಿಯೇ ಅಧಿಕಾರ ವಹಿಸಿಕೊಂಡರು. ಇವರು ಹೆಂಗಸರೆಂದು ತಿಳಿಯದೆ ಯಾರೂ ಪರದಾಡಲಿಲ್ಲ. 2022ರಲ್ಲಿ ಕಾಂಗ್ರೆಸ್ ಸಂಸದ ಅಧೀರ್ ರಂಜನ್ ಚೌಧರಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರನ್ನು ‘ರಾಷ್ಟ್ರಪತ್ನಿ’ ಎಂದಾಗ ಮಾತ್ರ ಸಂಸತ್ತಿನಲ್ಲಿ ಕೋಲಾಹಲವಾಯಿತು. ಬಾಯಿತಪ್ಪಿ ಬಂತೆಂದು ಅವರು ಪತ್ರ ಬರೆದು ಕ್ಷಮೆ ಕೇಳಬೇಕಾಯಿತು.

ಗಂಡಸರಿಗೆ ‘ಸಚಿವ’ ಎಂದು ಬರೆಯುವಾಗ ಹೆಂಗಸರಿಗೆ ‘ಸಚಿವೆ’ ಎನ್ನುವುದು ವ್ಯಾಕರಣಬದ್ಧವಲ್ಲವೇ ಎಂದು ಕೆಲವರು ಕೇಳುತ್ತಾರೆ. ಬದ್ಧವೇ. ಆದರೆ ಆ ವಾಕ್ಯ ಕೊನೆಗೆ ‘ಹೇಳಿದರು’ ಎಂದೇ ಮುಗಿಯುತ್ತದಲ್ಲ! ಕ್ರಿಯಾಪದಕ್ಕೆ ಸಲ್ಲುವ ಗೌರವ ಹುದ್ದೆಗೇಕೆ ಸಲ್ಲಬಾರದು? ಸಭೆಯಲ್ಲಿ ಎದ್ದು ನಿಂತವರು ‘ಅಧ್ಯಕ್ಷರೇ’ ಎನ್ನುತ್ತಾರೆಯೇ ಹೊರತು ‘ಅಧ್ಯಕ್ಷೆಯೇ’ ಎನ್ನುವುದಿಲ್ಲ. ಗಂಡು ಹೆಣ್ಣು ಎನ್ನದ ‘ರು’ ನಮ್ಮಲ್ಲಿರುವಾಗ ಇಬ್ಬರಿಗೂ ಅದನ್ನೇ ಬಳಸಿದರಾಯಿತು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಶತಮಾನಗಳಿಂದ ಮರೆಯಲ್ಲಿದ್ದವರು ಕಣ್ಣಿಗೆ ಬೀಳಬೇಕಾದರೆ ಹೆಣ್ಣೆಂದು ಎದ್ದು ಕಾಣುವ ಪದವೇ ಬೇಕು. ಕಾಳಜಿ ನಿಜ, ಮದ್ದು ಮಾತ್ರ ತಪ್ಪು. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಕರ್ನಾಟಕ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟಿತ್ತು. 2010ರಿಂದ ಪಂಚಾಯಿತಿಗಳಲ್ಲಿ ಅದು ಶೇ 50. ಅವರನ್ನು ಕಾಣುವಂತೆ ಮಾಡಿದ್ದು ಮೀಸಲಾತಿ, ಸ್ತ್ರೀಪ್ರತ್ಯಯವಲ್ಲ. ‘ಅಧ್ಯಕ್ಷೆ’ ಎಂಬ ಬೋರ್ಡು ಹೊತ್ತ ಎಷ್ಟೋ ಕೊಠಡಿಗಳಲ್ಲಿ ಕಡತ ಓದುವುದು, ಗುತ್ತಿಗೆದಾರರೊಡನೆ ಮಾತಾಡುವುದು ಯಜಮಾನರು. ಅಧ್ಯಕ್ಷೆಗೆ ಉಳಿಯುವುದು ಸಹಿ. ಭೂಮಿಪೂಜೆಯ ಫ್ಲೆಕ್ಸಿನಲ್ಲೂ ಆಕೆಯ ಪಕ್ಕ ಆತನ ಫೋಟೊ, ಕೆಳಗೆ ‘ಅಧ್ಯಕ್ಷೆಯ ಪತಿ’ ಎಂಬ ಬಿರುದು. ಕಾನೂನಿನಲ್ಲಿಲ್ಲದ ಈ ಹುದ್ದೆಯನ್ನು ಮೊದಲು ಕಿತ್ತುಹಾಕಿ. ಪಂಚಾಯಿತಿ ಅಧ್ಯಕ್ಷರ ಗಂಡ ಸಭೆಯ ಹೊರಗಿನ ಬೆಂಚಿನ ಮೇಲೆ ಕೂರಲಿ.

ಅಂದಹಾಗೆ, ‘ಮುಖ್ಯಮಂತ್ರಿ’ ಪದ ಮೊದಲಿನಿಂದಲೂ ಇಬ್ಬರಿಗೂ ಒಪ್ಪುವಂಥದ್ದು. ಅದನ್ನು ಹೆಣ್ಣೊಬ್ಬಳ ಹೆಸರಿನ ಹಿಂದೆ ಬರೆಯುವ ಕಷ್ಟವನ್ನು ಕರ್ನಾಟಕದ ಯಾವ ಪಕ್ಷವೂ ಪತ್ರಿಕೆಗಳಿಗೆ ಇದುವರೆಗೆ ಕೊಟ್ಟಿಲ್ಲ.