ಸಹವಾಸವಿವೇಕ

ಸಹವಾಸದಿಂದ ಸನ್ಯಾಸಿ ಕೆಟ್ಟನೆಂಬುದು ನಮ್ಮ ಹಿರಿಯರ ಗಾದೆ. ಕೇಳಿ ತಲೆದೂಗುವವರು ಬಹು ಮಂದಿ. ಅದು ತಮಗೂ ಅನ್ವಯಿಸುವುದೆಂದು ಬಗೆಯುವವರು ವಿರಳ. ‘ನನ್ನ ಮನಸ್ಸು ಗಟ್ಟಿಯಾಗಿದ್ದರೆ ಯಾರೊಡನೆ ಇದ್ದರೇನು?’ ಎಂಬುದೇ ಪ್ರತಿಯೊಬ್ಬರ ಸಮಾಧಾನ. ಈ ಸಮಾಧಾನವು ಎಷ್ಟು ದುರ್ಬಲವಾದುದೆಂಬುದಕ್ಕೆ ಕ್ರೈಸ್ತ ಆಚಾರ್ಯರಲ್ಲಿ ಅಗ್ರಗಣ್ಯನಾದ ಸಂತ ಆಗಸ್ಟೀನನು ತನ್ನ ಆತ್ಮಕಥೆಯಲ್ಲಿ ಒಂದು ನಿದರ್ಶನವನ್ನು ಕೊಟ್ಟಿರುವನು.

ಆಗಸ್ಟೀನನು ಕ್ರಿ.ಶ. 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆ ಎಂಬ ಊರಿನಲ್ಲಿ ಜನಿಸಿದನು. ಅದೇ ಊರಿನ ಅಲಿಪಿಯಸನು ಅವನ ಶಿಷ್ಯನೂ ಪ್ರಾಣಮಿತ್ರನೂ ಆಗಿದ್ದನು. ಈತನು ನ್ಯಾಯಶಾಸ್ತ್ರದ ವ್ಯಾಸಂಗಕ್ಕಾಗಿ ರೋಮ್ ನಗರಕ್ಕೆ ಹೋದನು. ಅಲ್ಲಿ ಮನುಷ್ಯರು ಪರಸ್ಪರ ಕಡಿದಾಡಿ ಸಾಯುವುದು ಜನರಿಗೆ ವಿನೋದವಾಗಿತ್ತು. ಅಲಿಪಿಯಸನಿಗೆ ಅದು ಹೇಸಿಗೆ. ಒಂದು ದಿನ ಮಿತ್ರರೂ ಸಹಪಾಠಿಗಳೂ ಸಲಿಗೆಯಿಂದಲೇ ಅವನನ್ನು ಆ ರಂಗಸ್ಥಳಕ್ಕೆ ಎಳೆದೊಯ್ದರು. ದೇಹವು ಅಲ್ಲಿದ್ದರೂ ಮನಸ್ಸು ಅಲ್ಲಿರದೆಂದು ಹಟತೊಟ್ಟು, ಅವನು ಕಣ್ಣು ಮುಚ್ಚಿ ಕುಳಿತನು. ಆದರೆ ಕಿವಿ ತೆರೆದಿತ್ತು. ಯೋಧನೊಬ್ಬನು ಬಿದ್ದಾಗ ಜನರೆಲ್ಲ ಬೊಬ್ಬಿಟ್ಟರು. ಇವನು ಕಣ್ಣು ತೆರೆದನು. ಅಷ್ಟೇ ಸಾಕಾಯಿತು. ಅವನೂ ಕೂಗಿದನು, ಮತ್ತೆ ಮತ್ತೆ ಹೋದನು. ತಾನು ಹೋದುದಲ್ಲದೆ ಇತರರನ್ನೂ ಕರೆದೊಯ್ದನು.

ಇಂತಹ ಕಥೆಗಳನ್ನು ಹೇಳಿ, ಕೆಟ್ಟವರ ಬಳಿ ಸೇರದಿರಿ ಎಂದು ನಾವು ಬಹುಕಾಲ ಮಕ್ಕಳಿಗೆ ಬೋಧಿಸಿದೆವು. ಒಮ್ಮೆ ಇಸ್ಪೀಟಿನ ಗೀಳು ಹತ್ತಿದ್ದ ಹುಡುಗನೊಬ್ಬನನ್ನು ತರಗತಿಯ ಹೊರಗೆ ಕೂರಿಸಿ, ಯಾರೂ ಅವನೊಡನೆ ಮಾತನಾಡಕೂಡದೆಂದು ವಿಧಿಸಿದೆವು. ಉಳಿದವರನ್ನು ಕಾಪಾಡಿದೆವೆಂದು ಹೆಮ್ಮೆಪಟ್ಟೆವು. ಆ ವರ್ಷವೇ ಅವನು ಶಾಲೆಯನ್ನು ಬಿಟ್ಟನು. ಅವನ ತಾಯಿ ನಮ್ಮ ಬಾಗಿಲಲ್ಲಿ ನಿಂತು, ‘ಒಳ್ಳೆಯ ಹುಡುಗರೆಲ್ಲ ದೂರವಾದ ಮೇಲೆ ಅವನು ಇನ್ನಾರ ಹತ್ತಿರ ಹೋಗಬೇಕಾಗಿತ್ತು, ಸ್ವಾಮಿ?’ ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಅದೇ ಅಲಿಪಿಯಸನು ಅದಕ್ಕೆ ಮೊದಲು ಕಾರ್ತೇಜ್ ನಗರದಲ್ಲಿ ಕ್ರೀಡಾಂಗಣದ ಆಟಗಳ ಹುಚ್ಚಿಗೆ ಸಿಕ್ಕಿದ್ದಾಗ, ಆಗಸ್ಟೀನನು ಪಾಠದ ನಡುವೆ ಸಹಜವಾಗಿ ಆಡಿದ ಒಂದು ಮಾತು ಅವನನ್ನು ತಿದ್ದಿತೆಂಬುದನ್ನು ನಾವು ಓದಿದುದು ಬಹಳ ತಡವಾಗಿ. ತರಗತಿಯೊಳಗೆ ಕುಳಿತಿದ್ದುದರಿಂದಲ್ಲವೆ ಆ ಮಾತು ಅವನ ಕಿವಿಗೆ ಬಿದ್ದುದು?

ಯೇಸುಸ್ವಾಮಿಯ ಚರಿತ್ರೆಯಲ್ಲಿ ಈ ಎರಡು ಧರ್ಮಗಳೂ ಕೂಡಿಬಂದಿವೆ. ಜನರು ತಿರಸ್ಕರಿಸಿದ ಸುಂಕದವರ ಪಂಕ್ತಿಯಲ್ಲಿ ಆತನು ಊಟಮಾಡಿದನು. ರೋಗಿಗಳ ಬಳಿಗೆ ವೈದ್ಯನಂತೆ ಹೋದನು. ಆದರೆ ಹನ್ನೆರಡು ಮಂದಿ ಶಿಷ್ಯರನ್ನು ಆರಿಸುವುದಕ್ಕೆ ಮುನ್ನ ಇಡೀ ರಾತ್ರಿ ಪ್ರಾರ್ಥನೆಯಲ್ಲಿ ಕಳೆದನು. ಪ್ರೀತಿ ಎಲ್ಲರಿಗೂ ಸಲ್ಲತಕ್ಕದ್ದು. ಅಂತರಂಗದ ಸಖ್ಯವನ್ನು ಮಾತ್ರ ವಿವೇಚಿಸಿ ಮಾಡತಕ್ಕದ್ದು. ಯಾರು ಯಾರನ್ನು ಎಳೆಯುತ್ತಿರುವರೆಂಬುದೇ ಪರೀಕ್ಷೆ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ. ನಿಮ್ಮ ಮಗನ ಗೆಳೆಯನ ವಿಷಯದಲ್ಲಿ ಸಂಶಯ ಬಂದರೆ, ಮಗನನ್ನು ಅವನ ರಂಗಸ್ಥಳಕ್ಕೆ ಕಳುಹಬೇಡಿರಿ; ಅವನನ್ನು ನಿಮ್ಮ ಮನೆಯ ಊಟಕ್ಕೆ ಕರೆಯಿರಿ. ಈಗ ಮೊಬೈಲ್ ಫೋನಿನ ಮೂಲಕ ರಂಗಸ್ಥಳದ ಬೊಬ್ಬೆಯು ಮನೆಯೊಳಕ್ಕೇ ಬರುತ್ತಿರುವುದರಿಂದ, ಕಿವಿಯ ಕಾವಲನ್ನು ಹಿರಿಯರು ಮೊದಲು ತಾವೇ ಅಭ್ಯಾಸಮಾಡತಕ್ಕದ್ದು.

386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಆಗಸ್ಟೀನನು ಕಣ್ಣೀರಿಟ್ಟು ಹೊಸ ಬಾಳನ್ನು ಆರಿಸಿದಾಗ, ಜೊತೆಗೆ ಬಂದಿದ್ದವನು ಅಲಿಪಿಯಸನೇ. ಮರುವರ್ಷ ಬಿಷಪ್ ಆಂಬ್ರೋಸನಿಂದ ಇಬ್ಬರೂ ದೀಕ್ಷಾಸ್ನಾನವನ್ನು ಪಡೆದರು. ಒಮ್ಮೆ ಗೆಳೆಯರು ಎಳೆದೆಡೆಗೆ ಹೋಗಿ ಕೆಟ್ಟವನು, ಇನ್ನೊಮ್ಮೆ ಗೆಳೆಯನ ಹೆಜ್ಜೆಯನ್ನನುಸರಿಸಿ ಉದ್ಧಾರವಾದನು. ನಮ್ಮ ಹುಡುಗನಿಗೆ ಆ ಎರಡನೆಯ ಗೆಳೆಯನು ದೊರೆಯದಂತೆ ಮಾಡಿದವರು ನಾವೇ ಎಂಬ ನೋವು ಇಂದಿಗೂ ನಮ್ಮನ್ನು ಬಿಟ್ಟಿಲ್ಲ.