ಕತ್ತಿಗೆ ನೆಟಿಗೆ ಬೇಡ

ಮಕ್ಕಳೇ, ಬೆಳಿಗ್ಗೆ ಏಳುವಾಗ ಕತ್ತು ಹಿಡಿದುಕೊಂಡ ಅನುಭವ ನಿಮಗೂ ಆಗಿರಬಹುದು. ಯಾರಾದರೂ ಕರೆದರೆ ತಲೆ ತಿರುಗುವುದಿಲ್ಲ, ಇಡೀ ಮೈಯನ್ನೇ ತಿರುಗಿಸಬೇಕು! ಕಳೆದ ಮಳೆಗಾಲದಲ್ಲಿ ಸುರತ್ಕಲ್ ಹತ್ತಿರದ ಒಂದು ಶಾಲೆಗೆ ಹೋಗಿದ್ದಾಗ ಏಳನೇ ತರಗತಿಯ ಹುಡುಗನೊಬ್ಬ ಹೀಗೇ ಸೆಟೆದು ಕುಳಿತಿದ್ದ. ಏನಾಯಿತೆಂದು ಕೇಳಿದೆ.

"ಕತ್ತು ಉಳುಕಿದೆ ಸರ್. ಸಂಜೆ ಕ್ಷೌರದಂಗಡಿಯಲ್ಲಿ ನೆಟಿಗೆ ತೆಗೆಸ್ತೇನೆ."

ಬೇಡ ಎಂದೆ. "ಯಾಕೆ ಸರ್? ನಮ್ಮ ಮಾವ ಪ್ರತಿ ತಿಂಗಳು ತೆಗೆಸ್ತಾರೆ, ಅವರಿಗೆ ಏನೂ ಆಗ್ಲಿಲ್ಲ" ಎಂದ. ಒಳ್ಳೆಯ ಪ್ರಶ್ನೆ. ಬರೀ 'ಬೇಡ' ಎಂದರೆ ಅದು ವಿಜ್ಞಾನವಾಗುವುದಿಲ್ಲ.

ನಮ್ಮ ಕತ್ತಿನಲ್ಲಿ 7 ಮೂಳೆಗಳಿವೆ. (ಜಿರಾಫೆಯ ಉದ್ದ ಕತ್ತಿನಲ್ಲೂ ಅಷ್ಟೇ!) ಮೇಲಿನ 6 ಮೂಳೆಗಳ ಎರಡೂ ಬದಿಯ ತೂತುಗಳ ಮೂಲಕ ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ನಾಳಗಳು ಹಾದುಹೋಗುತ್ತವೆ. ಕತ್ತನ್ನು ಫಕ್ಕನೆ ತಿರುಚಿದಾಗ ಈ ನಾಳದ ಒಳಪದರ ಹರಿಯಬಹುದು. ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು ಆಗುತ್ತದೆ. ಹೀಗಾಗುವುದು ಬಹಳ ಅಪರೂಪ, ಮಾವನವರು ಆರಾಮವಾಗಿರುವುದು ಅದಕ್ಕೇ. ಆದರೆ ಲಾಭವಾದರೂ ಏನು? 'ಟಕ್' ಎಂಬ ಸದ್ದು ಮೂಳೆ ಸ್ವಸ್ಥಾನಕ್ಕೆ ಬಂದ ಸದ್ದಲ್ಲ. ಕೀಲಿನೊಳಗಿನ ದ್ರವದಲ್ಲಿ ಅನಿಲದ ಗುಳ್ಳೆಯಿಂದ ಆಗುವ ಸದ್ದು, ಬೆರಳಿನ ನೆಟಿಗೆಯ ಹಾಗೆಯೇ. ಸ್ವಲ್ಪ ಹೊತ್ತಿನ ಹಗುರಕ್ಕಾಗಿ ಮಿದುಳಿನ ರಕ್ತನಾಳವನ್ನು ಪಣಕ್ಕಿಡುವುದು ನನಗಂತೂ ಸರಿಕಾಣುವುದಿಲ್ಲ. ಕ್ಷೌರಿಕರ ಮೇಲೆ ನನಗೆ ಸಿಟ್ಟಿಲ್ಲ, ನಾವು ಕೇಳುತ್ತೇವೆ, ಅವರು ಮಾಡುತ್ತಾರೆ.

ಹಾಗಾದರೆ ಹಿಡಿದುಕೊಂಡ ಕತ್ತಿಗೆ ಏನು ಮಾಡಬೇಕು? ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹದವಾದ ಬಿಸಿಯಲ್ಲಿ 15 ನಿಮಿಷ ಇಟ್ಟುಕೊಳ್ಳಿ. ಆಮೇಲೆ ನೋವಾಗದಷ್ಟು ಮಾತ್ರ ಎಡಕ್ಕೆ, ಬಲಕ್ಕೆ ನಿಧಾನವಾಗಿ ತಿರುಗಿಸಿ. ದಿನವಿಡೀ ಮಲಗಬೇಡಿ, ಸ್ನಾಯು ಇನ್ನಷ್ಟು ಬಿಗಿಯುತ್ತದೆ. ಹೆಚ್ಚಾಗಿ ಕೆಲವೇ ದಿನಗಳಲ್ಲಿ ಸರಿಯಾಗುತ್ತದೆ.

ಈಗ ಒಂದು ಪ್ರಯೋಗ. ನೀರು ತುಂಬಿದ ಬಾಟಲಿಯನ್ನು ಎದೆಗೆ ಒತ್ತಿ ಹಿಡಿಯಿರಿ. ಬಳಿಕ ಕೈ ಚಾಚಿ ಹಿಡಿಯಿರಿ. ಬಾಟಲಿ ಅದೇ, ಆದರೆ ಕೈ ಬೇಗ ಸೋಲುತ್ತದೆ! ತಲೆ ಬಗ್ಗಿಸಿದಾಗ ಕತ್ತಿನ ಸ್ನಾಯುಗಳಿಗೂ ಹೀಗೆಯೇ. ದೊಡ್ಡವರ ತಲೆ ಸುಮಾರು 5 ಕಿಲೋ ತೂಗುತ್ತದೆ. 60 ಡಿಗ್ರಿ ಬಗ್ಗಿಸಿದರೆ ಕತ್ತಿನ ಮೇಲೆ 27 ಕಿಲೋದಷ್ಟು ಒತ್ತಡ ಬೀಳುತ್ತದೆಂದು 2014ರಲ್ಲಿ ಅಮೆರಿಕದ ಶಸ್ತ್ರವೈದ್ಯರೊಬ್ಬರು ಲೆಕ್ಕಹಾಕಿದರು. ನಮ್ಮೂರಿನಲ್ಲಿ ಮೀನಿನ ಬುಟ್ಟಿ ಹೊತ್ತು ಬರುವ ಅಕ್ಕಂದಿರನ್ನು ನೋಡಿ. ಸಿಂಬೆ ಇಟ್ಟು ಕತ್ತು ನೇರವಾಗಿಯೇ ಇಟ್ಟು ನಡೆಯುತ್ತಾರೆ. ನೀವೋ, ನೆಲದ ಮೇಲೆ ಪುಸ್ತಕವಿಟ್ಟು ಬಾಗಿ ಬರೆಯುತ್ತೀರಿ, ರಾತ್ರಿ ಮೊಬೈಲಿಗೆ ಬಾಗುತ್ತೀರಿ.

ಚೀಲವೂ ಇದೆ. 6ರಿಂದ 8ನೇ ತರಗತಿಯವರ ಚೀಲ 3ರಿಂದ 4 ಕಿಲೋ ಮೀರಬಾರದೆಂದು ಕರ್ನಾಟಕ ಸರ್ಕಾರ 2019ರಲ್ಲಿ ಆದೇಶಿಸಿದೆ. ಶಾಲೆಯ ಸ್ಪ್ರಿಂಗ್ ತಕ್ಕಡಿಗೆ ನಿಮ್ಮ ಚೀಲ ತೂಗಿಹಾಕಿ ನೋಡಿ. ಒಂದು ಲೀಟರ್ ನೀರೇ ಒಂದು ಕಿಲೋ! ಶಾಲೆಯಲ್ಲಿ ಶುದ್ಧ ನೀರಿದ್ದರೆ ಖಾಲಿ ಬಾಟಲಿ ತಂದರೆ ಸಾಕು. ವೇಳಾಪಟ್ಟಿಯಲ್ಲಿಲ್ಲದ ಪುಸ್ತಕವನ್ನೂ ದಿನವೂ ತರಿಸುವುದು ನಮ್ಮ, ಅಂದರೆ ಶಿಕ್ಷಕರ, ತಪ್ಪು. ಇದನ್ನು ಓದುವ ಸಹೋದ್ಯೋಗಿಗಳು ಬೇಸರಿಸಬಾರದು.

ಒಂದು ಮಾತು ಮರೆಯಬೇಡಿ. ಕತ್ತುನೋವಿನ ಜೊತೆ ಜ್ವರ, ಜೋರು ತಲೆನೋವು, ವಾಂತಿ ಇದ್ದು ಗಲ್ಲವನ್ನು ಎದೆಗೆ ತಾಗಿಸಲು ಆಗದಿದ್ದರೆ ಅದು ಉಳುಕಲ್ಲ, ಮಿದುಳಿನ ಪೊರೆಯ ಸೋಂಕು ಇರಬಹುದು. ಬಿದ್ದು ಪೆಟ್ಟಾಗಿ ಕತ್ತು ನೋಯುತ್ತಿದ್ದರೆ, ಕೈಗಳು ಜೋಮು ಹಿಡಿದರೆ ಕೂಡ ಮನೆಮದ್ದು ಬೇಡ. ಆಗ ಬೆಳಗಾಗಲೆಂದು ಕಾಯದೆ ದೊಡ್ಡವರನ್ನು ಎಬ್ಬಿಸಿ, ಆಸ್ಪತ್ರೆಗೆ ಹೋಗಬೇಕೆಂದು ಹೇಳಿ.